ಹದಿನೇಳು ಮಳೆಗಾಲ ಆಡಿದರೂ ಏರದ ಆಟ

ಕೊಡಗಿನಲ್ಲಿ ಮಳೆ ಜೋರಾದ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಗದ್ದೆ ಇರುವವರು ಮೊಣಕಾಲುದ್ದದ ಕೆಸರಿನಲ್ಲಿ ನಾಟಿಗೆ ಇಳಿದಿರುತ್ತಾರೆ. ಗದ್ದೆಯನ್ನು ಪಾಳು ಬಿಟ್ಟು ಕಾಫಿಯನ್ನೇ ನೆಚ್ಚಿಕೊಂಡ ನಮ್ಮಂಥವರಿಗೆ ಮಳೆ ನೋಡುತ್ತ ಕೂರುವುದೇ ಕೆಲಸ. ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಹಾಗೆ ಕೂತಿದ್ದ ಒಂದು ದಿನ ಪಕ್ಕದ ತೋಟದ ಅಣ್ಣ ಅಟ್ಟದಿಂದ ಹಳೆಯ ಚೆಸ್ ಬೋರ್ಡೊಂದನ್ನು ಇಳಿಸಿದರು. ಕಪ್ಪು ಆನೆಗಳಲ್ಲಿ ಒಂದು ಕಳೆದುಹೋಗಿತ್ತು. ಅದರ ಜಾಗಕ್ಕೆ ಒಣಗಿದ ಅಡಿಕೆಯೊಂದನ್ನು ಇಟ್ಟುಕೊಂಡೆವು. ಅಂದಿನಿಂದ ಹದಿನೇಳು ಮಳೆಗಾಲ ಅವರ ಮನೆತನದ ಹಿರಿಮನೆಯಾದ ಐನ್‌ಮನೆಯ ಜಗಲಿಯಲ್ಲಿ, ಐಮರವೆಂಬ ಮರದ ಹಲಗೆಯ ಮೇಲೆ ಕೂತು ನಾವಿಬ್ಬರೂ ಆಡಿದ್ದೇವೆ. ಲೆಕ್ಕ ಇಟ್ಟವರಿಲ್ಲ, ಆದರೂ ಸಾವಿರ ಆಟಕ್ಕೆ ಕಡಿಮೆ ಇರಲಾರದು. ಇಬ್ಬರಲ್ಲಿ ಯಾರೂ ಚೆಸ್‌ನ ಒಂದು ಪುಸ್ತಕವನ್ನೂ ತೆರೆದವರಲ್ಲ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ ರಜೆಗೆ ಬಂದ. ನಮ್ಮ ಪಕ್ಕದಲ್ಲಿ ಕೂತು, ತುಟಿ ಬಿಚ್ಚದೆ, ಒಂಬತ್ತು ಆಟಗಳ ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕೊನೆಗೆ, “ಮಾವ, ನೀವು ಸೋತ ಐದು ಆಟಗಳಲ್ಲಿ ನಾಲ್ಕನ್ನು ಒಂದೇ ರೀತಿಯಲ್ಲಿ ಸೋತಿದ್ದೀರಿ” ಎಂದ. ಕಪ್ಪು ಕಾಯಿ ನನ್ನದಾದಾಗ ನಾನು ಮಂತ್ರಿಯನ್ನು ಬೇಗನೆ ಹೊರಗೆ ತರುತ್ತೇನೆ. ಮಂತ್ರಿ ಕದಲಿದ ಕೂಡಲೇ ಸಿ7 ಮನೆಗೆ ಕಾವಲು ತಪ್ಪುತ್ತದೆ. ಅಣ್ಣನ ಕುದುರೆ ಅಲ್ಲಿಗೆ ನೆಗೆದು ನನ್ನ ರಾಜನಿಗೂ ಮೂಲೆಯ ಆನೆಗೂ ಒಟ್ಟಿಗೆ ಗುರಿ ಇಡುತ್ತದೆ. ಚೆಸ್ ಆಡುವವರು ಇದನ್ನು ಫೋರ್ಕ್ ಎನ್ನುತ್ತಾರೆ. ರಾಜ ಸರಿಯಲೇಬೇಕು, ಆನೆ ಹೋಗಲೇಬೇಕು. ಆ ಮೂಲೆಯ ಆನೆ ನಮ್ಮ ಅಡಿಕೆ. ಹದಿನೇಳು ವರ್ಷಗಳಲ್ಲಿ ಅದು ಎಷ್ಟು ಸಲ ಅಣ್ಣನ ಕಡೆಗೆ ಉರುಳಿದೆಯೋ!

ಹಾಗಾದರೆ ಪುಸ್ತಕ, ಗುರು, ತರಬೇತಿ ಯಾವುದೂ ಇಲ್ಲದೆ ಬರಿದೇ ಆಡುತ್ತ ಹೋದರೆ ಚೆಸ್ ಸುಧಾರಿಸುತ್ತದೆಯೆ? ಸುಧಾರಿಸುತ್ತದೆ, ಎದುರಿಗೆ ಕೂತವನು ಯಾವ ಎತ್ತರದಲ್ಲಿದ್ದಾನೋ ಹೆಚ್ಚುಕಡಿಮೆ ಅಲ್ಲಿಯವರೆಗೆ. ಹೀಗೇಕೆ ಎಂಬುದು ತಿಳಿಯಬೇಕಾದರೆ ಒಳ್ಳೆಯ ಆಟಗಾರನ ತಲೆಯೊಳಗೆ ಏನಿರುತ್ತದೆ ಎಂದು ಮೊದಲು ನೋಡಬೇಕು.

ಆದ್ರಿಯಾನ್ ದೆ ಗ್ರೂಟ್ ಎಂಬ ಡಚ್ ಮನಃಶಾಸ್ತ್ರಜ್ಞ ಸ್ವತಃ ಗಟ್ಟಿ ಆಟಗಾರ, ತನ್ನ ದೇಶದ ಪರವಾಗಿ ಚೆಸ್ ಒಲಿಂಪಿಯಾಡ್‌ನಲ್ಲಿ ಆಡಿದ್ದವನು. ದೊಡ್ಡ ಆಟಗಾರರ ಮುಂದೆ ಒಂದು ಸ್ಥಿತಿಯನ್ನು ಇಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಿ ಎಂದು ಕೇಳಿದ. 1946ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಹಲವರಿಗೆ ಅಚ್ಚರಿ ತಂದಿತು. ಗ್ರ್ಯಾಂಡ್‌ಮಾಸ್ಟರ್‌ಗಳು ಸಾಧಾರಣ ಆಟಗಾರರಿಗಿಂತ ಬಹಳ ಹೆಚ್ಚು ನಡೆಗಳನ್ನು ಮುಂದಾಗಿ ಲೆಕ್ಕ ಹಾಕುತ್ತಿರಲಿಲ್ಲ. ಅವರ ಕಣ್ಣು ಮೊದಲಿಗೇ ಸರಿಯಾದ ನಡೆಗಳ ಮೇಲೆ ಬೀಳುತ್ತಿತ್ತು, ಅಷ್ಟೆ. ಕೆಲವೇ ಕ್ಷಣ ತೋರಿಸಿ ಮುಚ್ಚಿದ ಸ್ಥಿತಿಯನ್ನು ಅವರು ನೆನಪಿನಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ಮತ್ತೆ ಜೋಡಿಸುತ್ತಿದ್ದರು.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ನಿಜವಾದ ಆಟದಿಂದ ತೆಗೆದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿದಾಗ ಇಪ್ಪತ್ತೈದರಷ್ಟು ಕಾಯಿಗಳಲ್ಲಿ ಮಾಸ್ಟರ್ ಸುಮಾರು 16ನ್ನು, ಹೊಸಬ ನಾಲ್ಕನ್ನು ಸರಿಯಾಗಿ ಇಟ್ಟರು. ಅದೇ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದಾಗ ಮಾಸ್ಟರನ ಮೇಲುಗೈ ಬಹುಪಾಲು ಕರಗಿಹೋಯಿತು. ಅಂದರೆ ಮಾಸ್ಟರನಿಗೆ ಇರುವುದು ಒಟ್ಟಾರೆ ಚುರುಕಾದ ನೆನಪಿನ ಶಕ್ತಿಯಲ್ಲ. ನಾವು ಓದುವಾಗ ಒಂದೊಂದೇ ಅಕ್ಷರವನ್ನು ಕೂಡಿಸುವುದಿಲ್ಲ, ಪದವನ್ನು ಇಡಿಯಾಗಿ ಕಾಣುತ್ತೇವಲ್ಲ, ಹಾಗೆ ಮಾಸ್ಟರ್ ಕಾಯಿಗಳನ್ನು ಗುಂಪುಗಳಾಗಿ ಕಾಣುತ್ತಾನೆ. ಇಂಥ ಸಾವಿರಾರು, ಬಹುಶಃ ಹತ್ತಾರು ಸಾವಿರ ಗುಂಪುಗಳು ಅವನ ತಲೆಯಲ್ಲಿ ಕೂತಿರುತ್ತವೆ ಎಂಬುದು ಅವರ ಅಂದಾಜು. ಪ್ರತಿಯೊಂದು ಗುಂಪಿನ ಜೊತೆಗೂ ‘ಇಲ್ಲಿ ಹೀಗೆ ಮಾಡು’ ಎಂಬ ಸೂಚನೆ ಅಂಟಿಕೊಂಡಿರುತ್ತದೆ.

ಇದು ಪುಸ್ತಕದಿಂದಲೇ ಬರಬೇಕೆಂದೇನೂ ಇಲ್ಲ. ನಮ್ಮ ಅರೇಬಿಕಾ ತೋಟಕ್ಕೆ ಬೋರರ್ ಹುಡುಕಲು ಬರುವ ಅಕ್ಕ ಒಬ್ಬರಿದ್ದಾರೆ. ಬಿಳಿ ಕಾಂಡಕೊರಕದ ಮರಿಹುಳು ಕಾಫಿ ಗಿಡದ ಕಾಂಡದೊಳಗೆ ಸುರಂಗ ಕೊರೆಯುತ್ತ ಹೋಗುತ್ತದೆ. ಹೊರಗೆ ಕಾಣುವುದು ಎಲೆಯಲ್ಲಿ ಒಂದಿಷ್ಟು ಹಳದಿ, ತೊಗಟೆಯ ಮೇಲೆ ಬೆರಳಿಗೆ ಸಿಗುವ ಸಣ್ಣ ಏಣು. ಸಾಲಿನ ನಡುವೆ ನಡೆದುಕೊಂಡು ಹೋಗುತ್ತಲೇ ಅವರು, “ಇದರಲ್ಲಿ ಇದೆ” ಎನ್ನುತ್ತಾರೆ. ನಾನು ಹತ್ತು ನಿಮಿಷ ಬಗ್ಗಿ ನೋಡಿದರೂ ನನಗೆ ಆ ಗಿಡಕ್ಕೂ ಪಕ್ಕದ ಗಿಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅವರು ಶಾಲೆಗೆ ಹೋದವರಲ್ಲ. ಹುಳದ ಬಗ್ಗೆ ಒಂದು ಸಾಲನ್ನೂ ಓದಿದವರಲ್ಲ. ದೆ ಗ್ರೂಟ್ ಕಂಡ ಗ್ರ್ಯಾಂಡ್‌ಮಾಸ್ಟರ್‌ಗಳ ನೋಟಕ್ಕೂ ಈ ನೋಟಕ್ಕೂ ಜಾತಿಯಲ್ಲಿ ಭೇದವಿಲ್ಲ.

ಆದರೆ ಅವರು ಕಲಿತ ಬಗೆಯನ್ನು ಗಮನಿಸಿ. ಅನುಮಾನ ಬಂದ ಗಿಡವನ್ನು ಕಿತ್ತು, ಕಾಂಡವನ್ನು ಕತ್ತಿಯಿಂದ ಸೀಳುತ್ತಾರೆ. ಒಳಗೆ ಹುಳ ಇದೆ, ಇಲ್ಲವೇ ಇಲ್ಲ. ಊಹೆ ಮಾಡಿದ ಎರಡೇ ನಿಮಿಷದಲ್ಲಿ ಉತ್ತರ ಕೈಯಲ್ಲಿರುತ್ತದೆ. ವರ್ಷಕ್ಕೆ ಇಂಥ ನೂರಾರು ಊಹೆಗಳು, ನೂರಾರು ಉತ್ತರಗಳು.

ಚೆಸ್‌ನಲ್ಲಿ ಕಾಂಡ ಸೀಳುವವರು ಯಾರು? ಹನ್ನೊಂದನೇ ನಡೆಯಲ್ಲಿ ನಾನು ತಪ್ಪು ಮಾಡಿದೆ ಎಂದುಕೊಳ್ಳಿ. ಎದುರಾಳಿ ಅದನ್ನು ಗಮನಿಸಲಿಲ್ಲ. ಇಪ್ಪತ್ತನೇ ನಡೆಯಲ್ಲಿ ಅವನೇ ದೊಡ್ಡ ತಪ್ಪು ಮಾಡಿದ. ನಲವತ್ತಕ್ಕೆ ನಾನು ಗೆದ್ದೆ. ನನ್ನ ತಲೆಯಲ್ಲಿ ಉಳಿಯುವುದು ‘ಗೆದ್ದೆ’ ಎಂಬುದು ಮಾತ್ರ. ಹನ್ನೊಂದನೇ ನಡೆ ಒಳ್ಳೆಯದೆಂಬ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. ಗೆಲುವು, ಸೋಲು ಎಂಬ ಫಲಿತಾಂಶ ತಪ್ಪಿನಿಂದ ಎಷ್ಟೋ ದೂರದಲ್ಲಿ ಬಂದು ಬೀಳುತ್ತದೆ. ಯಾವ ತಪ್ಪಿಗೆ ಯಾವ ಪೆಟ್ಟು ಎಂದು ಅದು ಹೇಳುವುದಿಲ್ಲ.

ಮಕ್ಕಳು ಮೊದಲು ಕಲಿಯುವ ನಾಲ್ಕು ನಡೆಯ ಮೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮಂತ್ರಿಯನ್ನೂ ಒಂಟೆಯನ್ನೂ ಹೊರಗೆ ಓಡಿಸಿ ಎಫ್7 ಮನೆಗೆ ಗುರಿ ಇಟ್ಟರೆ, ಗೊತ್ತಿಲ್ಲದವನು ನಾಲ್ಕನೇ ನಡೆಗೇ ಮುಗಿದುಹೋಗುತ್ತಾನೆ. ಶಾಲೆಯಲ್ಲಿ ಹತ್ತು ಮಂದಿಯನ್ನು ಹೀಗೆ ಸೋಲಿಸಿದ ಹುಡುಗ ತನ್ನ ಆಟ ಸುಧಾರಿಸಿದೆ ಎಂದು ತಿಳಿಯುತ್ತಾನೆ. ತಿಳಿದವನೊಬ್ಬ ಎದುರಾದ ದಿನ ಆ ಮಂತ್ರಿಯನ್ನು ಅಟ್ಟಾಡಿಸಿಕೊಂಡೇ ಅವನು ತನ್ನ ಕಾಯಿಗಳನ್ನೆಲ್ಲ ಹೊರಗೆ ತಂದಿರುತ್ತಾನೆ. ನಾನು ಮಂತ್ರಿಯನ್ನು ಬೇಗ ಕದಲಿಸುವ ಚಾಳಿ ಕಲಿತದ್ದೂ ಹೀಗೆಯೇ, ಮಡಿಕೇರಿಯ ಶಾಲೆಯ ಹಿಂಬದಿಯ ಬೆಂಚಿನಲ್ಲಿ.

ಈ ವಾದವನ್ನು ಒಮ್ಮೆ ಊರಿನಲ್ಲಿ ಎತ್ತಿದಾಗ ಹಿರಿಯರೊಬ್ಬರು, “ನಮ್ಮ ಹುಡುಗರು ಯಾವ ಪುಸ್ತಕ ಓದಿ ಹಾಕಿ ಕಲಿತರು?” ಎಂದು ಕೇಳಿದರು. ಭಾರತದ ಹಾಕಿಯ ತೊಟ್ಟಿಲು ಎಂದು ಹೆಸರಾದ ಜಿಲ್ಲೆಯಲ್ಲಿ ಈ ಪ್ರಶ್ನೆ ಬರಲೇಬೇಕು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ವರ್ಷಗಟ್ಟಲೆ ದೇಶಕ್ಕೆ ಆಡಿದರು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ನೂರಾರು ತಂಡಗಳು ಬರುತ್ತವೆ. ಆದರೆ ಆ ಹಬ್ಬದ ಮೈದಾನದ ಅಂಚಿನಲ್ಲಿ ಯಾರು ಕೂತಿರುತ್ತಾರೆ ಎಂದು ನೋಡಿ. ರಾಜ್ಯಕ್ಕೋ ಸೇನೆಗೋ ದೇಶಕ್ಕೋ ಆಡಿ ಬಂದವರು. ಹುಡುಗ ಚೆಂಡನ್ನು ಒಂದು ಕ್ಷಣ ಹೆಚ್ಚು ಇಟ್ಟುಕೊಂಡರೆ ಅಲ್ಲಿಂದಲೇ ಬೈಗುಳ ಬರುತ್ತದೆ. ಪ್ರತಿಭೆ ಕಂಡರೆ ಕ್ರೀಡಾ ವಸತಿನಿಲಯಕ್ಕೆ ಕಳಿಸುತ್ತಾರೆ. ಹೆಸರಿಲ್ಲದಿದ್ದರೂ ಅದು ಶಾಲೆಯೇ. ಚೆಸ್‌ಗೆ ಅಂಥ ಅಂಚು ನಮ್ಮಲ್ಲಿಲ್ಲ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರಿಂದ. ಕುದುರೆಯ ನಡಿಗೆಯ ಒಗಟುಗಳನ್ನು ಕಟ್ಟುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಊರು ಅದು. ರೈಲೇ ಇಲ್ಲದ ಜಿಲ್ಲೆಯಿಂದ ಒಂದು ಟೂರ್ನಿಗೆಂದು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಇಳಿದು ಹೋಗುವವರು ಎಷ್ಟು ಮಂದಿ?

ಆಟಗಾರರ ಕೊಳ ಚಿಕ್ಕದಾದರೆ ಏನಾಗುತ್ತದೆ ಎಂಬುದನ್ನು ಅಂಕಗಳ ಲೆಕ್ಕ ಚೆನ್ನಾಗಿ ತೋರಿಸುತ್ತದೆ. ಹಂಗರಿ ಮೂಲದ ಅಮೆರಿಕದ ಭೌತವಿಜ್ಞಾನ ಪ್ರಾಧ್ಯಾಪಕ ಅರ್ಪಾಡ್ ಎಲೋ ರೂಪಿಸಿದ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇದರಲ್ಲಿ ಒಬ್ಬನ ಅಂಕಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ, ಇಬ್ಬರ ಅಂಕಗಳ ನಡುವಿನ ಅಂತರಕ್ಕೆ ಅರ್ಥವಿದೆ. ಅಂತರ 200 ಇದ್ದರೆ ಮೇಲಿನವನು ನೂರು ಆಟಗಳಿಂದ ಸುಮಾರು 76 ಪಾಯಿಂಟ್ ಗಳಿಸುತ್ತಾನೆ ಎಂದು ನಿರೀಕ್ಷೆ, 400 ಇದ್ದರೆ ಸುಮಾರು 91. ಸಮಬಲರಾದರೆ ಐವತ್ತು. ಐಮರದ ಮೇಲೆ ಕೂತ ಇಬ್ಬರೂ ಜೊತೆಜೊತೆಗೇ ಸುಧಾರಿಸಿದರೂ ಐವತ್ತು, ಇಬ್ಬರೂ ನಿಂತಲ್ಲೇ ನಿಂತರೂ ಐವತ್ತು. ನಾವು ಹದಿನೇಳು ವರ್ಷ ಅರ್ಧಕ್ಕರ್ಧ ಗೆಲ್ಲುತ್ತ ಬಂದೆವು. ಏರಿದೆವೋ ಇಲ್ಲವೋ ಎಂದು ಆ ಲೆಕ್ಕ ಹೇಳಲಾರದು.

ಓದದೆಯೇ ಶಿಖರ ಮುಟ್ಟಿದವರ ಕಥೆಗಳು ಬೇಕಾದಷ್ಟಿವೆ. ಅದರಲ್ಲಿ ನಮ್ಮ ಉಪಖಂಡದ ಮೀರ್ ಸುಲ್ತಾನ್ ಖಾನ್ ಅವರದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಪಂಜಾಬಿನ ಹಳ್ಳಿಯಲ್ಲಿ ತಂದೆಯಿಂದ ಭಾರತೀಯ ಪದ್ಧತಿಯ ಚದುರಂಗ ಕಲಿತವರು. ಅದರಲ್ಲಿ ಪದಾತಿ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಯುರೋಪಿನ ನಿಯಮಗಳನ್ನು ಅವರು ಕಲಿತದ್ದು ದೊಡ್ಡವರಾದ ಮೇಲೆ. ಅಂಥವರು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್‌ನ 1930–31ರ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ಅವರನ್ನೇ ಸೋಲಿಸಿದರು. 2024ರಲ್ಲಿ, ಅವರು ತೀರಿಕೊಂಡು ಐವತ್ತೆಂಟು ವರ್ಷಗಳ ಬಳಿಕ, ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿತು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಡುವೆ ಬಿಟ್ಟುಬಿಡುವ ಒಂದು ಸಂಗತಿ ಇದೆ. 1929ರ ವಸಂತದಲ್ಲಿ ಲಂಡನ್‌ನಲ್ಲಿ ಅವರಿಗಾಗಿಯೇ ಏರ್ಪಡಿಸಿದ ಅಭ್ಯಾಸ ಟೂರ್ನಿಯಲ್ಲಿ ಅವರು ಕೊನೆಯ ಸ್ಥಾನವನ್ನು ಹಂಚಿಕೊಂಡಿದ್ದರು. ಆಮೇಲೆ ವಿಂಟರ್ ಮತ್ತು ಯೇಟ್ಸ್ ಎಂಬ ಇಬ್ಬರು ಬಲಿಷ್ಠ ಆಟಗಾರರು ಅವರ ಜೊತೆ ಕೂತು ಅಭ್ಯಾಸ ಮಾಡಿಸಿದರು. ಆ ಬೇಸಿಗೆಯಲ್ಲೇ ಅವರು ಚಾಂಪಿಯನ್ ಆದರು. ಪುಸ್ತಕ ಇಲ್ಲದಿರಬಹುದು, ಗುರುಗಳಿದ್ದರು. ಕಪಾಬ್ಲಾಂಕಾ ಅವರ ಕಥೆಯೂ ಇಂಥದ್ದೇ. ನಾಲ್ಕನೇ ವಯಸ್ಸಿನಲ್ಲಿ ತಂದೆಯ ಆಟ ನೋಡಿಯೇ ಕಲಿತರು ಎನ್ನುವವರು, ನ್ಯೂಯಾರ್ಕಿನಲ್ಲಿ ಓದುವಾಗ ಮ್ಯಾನ್‌ಹಟನ್ ಚೆಸ್ ಕ್ಲಬ್ಬಿನಲ್ಲಿ ಅಮೆರಿಕದ ಅತ್ಯುತ್ತಮರ ಎದುರು ಅವರು ಕಳೆದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ತಪ್ಪಿಗೂ ಆ ಕ್ಷಣವೇ ಬೆಲೆ ಕಟ್ಟುವ ಎದುರಾಳಿ ಇದ್ದರೆ, ಅವನೇ ಕಾಂಡ ಸೀಳುವ ಕತ್ತಿ.

ಸಂಶೋಧಕರು ಇದನ್ನು ಗಂಟೆಗಳಲ್ಲಿ ಅಳೆಯಲು ನೋಡಿದ್ದಾರೆ. ನೀಲ್ ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಗಾರನ ಮಟ್ಟದೊಂದಿಗೆ ಅತಿ ಹೆಚ್ಚು ಹೊಂದುವುದು ಅವನು ಒಬ್ಬನೇ ಕೂತು ಗಂಭೀರವಾಗಿ ಅಭ್ಯಾಸ ಮಾಡಿದ ಗಂಟೆಗಳು, ಟೂರ್ನಿಯಲ್ಲಿ ಆಡಿದ ಗಂಟೆಗಳಲ್ಲ. ಗ್ರ್ಯಾಂಡ್‌ಮಾಸ್ಟರ್ ಆದವರು ಮೊದಲ ಹತ್ತು ವರ್ಷಗಳಲ್ಲಿ ಸುಮಾರು 5,000 ಗಂಟೆ ಹೀಗೆ ಕಳೆದಿದ್ದರು. ನಡುಮಟ್ಟದ ಆಟಗಾರರಿಗಿಂತ ಇದು ಐದು ಪಟ್ಟಿನಷ್ಟು. ಇದನ್ನು ಓದಿ ಗಡಿಯಾರ ಹಿಡಿದು ಕೂರುವ ಮೊದಲು 2007ರ ಇನ್ನೊಂದು ಅಧ್ಯಯನವನ್ನೂ ನೋಡಬೇಕು. ಫರ್ನಾಂಡ್ ಗೋಬೆ ಮತ್ತು ಗಿಯೆರ್ಮೊ ಕಂಪಿತೆಲ್ಲಿ ಅರ್ಜೆಂಟೀನಾದ 104 ಆಟಗಾರರನ್ನು ವಿಚಾರಿಸಿದರು. ಒಬ್ಬನಿಗೆ ಮಾಸ್ಟರ್ ಮಟ್ಟ ಮುಟ್ಟಲು ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬನಿಗೆ 23,000ಕ್ಕೂ ಹೆಚ್ಚು ಬೇಕಾಗಿತ್ತು. ಅದಕ್ಕಿಂತ ಹೆಚ್ಚು ಗಂಟೆ ಸುರಿದೂ ಮಾಸ್ಟರ್ ಆಗದವರಿದ್ದರು. ಇತರರ ಜೊತೆ ಮಾಡಿದ ಅಭ್ಯಾಸಕ್ಕೂ ಅಲ್ಲಿ ದೊಡ್ಡ ತೂಕವಿತ್ತು. ಇಂಥ ಹಲವು ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚೆಸ್‌ನಂಥ ಆಟಗಳಲ್ಲಿ ಆಟಗಾರರ ನಡುವಿನ ವ್ಯತ್ಯಾಸದ ಕಾಲು ಭಾಗವನ್ನಷ್ಟೇ, 26 ಶೇಕಡಾವನ್ನು, ಉದ್ದೇಶಪೂರ್ವಕ ಅಭ್ಯಾಸ ವಿವರಿಸಿತು. ಉಳಿದದ್ದರಲ್ಲಿ ಶುರು ಮಾಡಿದ ವಯಸ್ಸು, ಹುಟ್ಟಿನಿಂದ ಬಂದದ್ದು, ಬೆಳೆದ ಊರು ಎಲ್ಲವೂ ಸೇರಿರಬಹುದು. ಇನ್ನೊಂದು ತೊಡಕು ಇದೆ. ಚೆನ್ನಾಗಿ ಆಡುವವನಿಗೆ ಓದಲು ಹುಮ್ಮಸ್ಸು ಹೆಚ್ಚು. ಓದಿದ್ದರಿಂದ ಗೆದ್ದನೋ, ಗೆಲ್ಲುತ್ತಿದ್ದುದರಿಂದ ಓದಿದನೋ ಎಂಬುದನ್ನು ಗಂಟೆಗಳ ಲೆಕ್ಕ ಬಿಡಿಸಿ ಹೇಳುವುದಿಲ್ಲ.

ಎಷ್ಟು ಆಡಿದರೂ ತಾನಾಗಿ ಸಿಗದ ತಿಳಿವಳಿಕೆಯೂ ಚೆಸ್‌ನಲ್ಲಿ ಇದೆ. ಅದು ಆಟದ ಕೊನೆಯ ಹಂತದಲ್ಲಿ ಅಡಗಿರುತ್ತದೆ. ನಿಮಗೆ ರಾಜ, ಒಂದು ಆನೆ, ಏಳನೇ ಸಾಲು ಮುಟ್ಟಿದ ಒಂದು ಪದಾತಿ ಉಳಿದಿವೆ ಎಂದುಕೊಳ್ಳಿ. ಎದುರಾಳಿಗೆ ರಾಜ ಮತ್ತು ಆನೆ; ಆ ರಾಜ ಪದಾತಿಯ ಹತ್ತಿರ ಬರದಂತೆ ನಿಮ್ಮ ಆನೆ ತಡೆದಿದೆ. ನಿಮ್ಮ ರಾಜ ಪದಾತಿಯ ಮುಂದೆ, ಎಂಟನೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾನೆ. ಹೊರಗೆ ಬಂದರೆ ಎದುರಾಳಿಯ ಆನೆ ಹಿಂದಿನಿಂದ ಚೆಕ್ ಮೇಲೆ ಚೆಕ್ ಕೊಡುತ್ತದೆ. ಬರಿದೇ ಆಡುವವರು ಇಲ್ಲಿ ರಾಜನನ್ನು ಅತ್ತಿತ್ತ ಓಡಾಡಿಸಿ, ಬೇಸತ್ತು ಡ್ರಾ ಎಂದು ಕೈಕುಲುಕುತ್ತಾರೆ. ದಾರಿ ಇದೆ. ಮೊದಲು ನಿಮ್ಮ ಆನೆಯನ್ನು ನಾಲ್ಕನೇ ಸಾಲಿಗೆ ತನ್ನಿ. ಆಮೇಲೆ ರಾಜ ಹೊರಬಂದು ಚೆಕ್‌ಗಳನ್ನು ತಪ್ಪಿಸಿಕೊಳ್ಳುತ್ತ ಕೆಳಗಿಳಿದು ಐದನೇ ಸಾಲಿಗೆ ಬರುತ್ತಾನೆ. ಕೊನೆಯ ಚೆಕ್ ಬಿದ್ದಾಗ ಆನೆ ಪಕ್ಕದಿಂದ ಸರಿದು ನಡುವೆ ಅಡ್ಡ ನಿಲ್ಲುತ್ತದೆ. ಪದಾತಿ ಮಂತ್ರಿಯಾಗುವುದನ್ನು ಇನ್ನು ಯಾರೂ ತಡೆಯಲಾರರು. ಇದಕ್ಕೆ ಸೇತುವೆ ಕಟ್ಟುವುದು ಎಂದು ಹೆಸರು. ಲುಸೆನಾ ಎಂಬವನ ಹೆಸರಿನಲ್ಲಿ ಓಡಾಡುವ ಈ ಸ್ಥಿತಿ ಅಚ್ಚಿನಲ್ಲಿ ಕಾಣುವುದು ಇಟಲಿಯ ಸಾಲ್ವಿಯೊ 1634ರಲ್ಲಿ ಬರೆದಿಟ್ಟದ್ದರಲ್ಲಿ. ಓದುವವನಿಗೆ ಹತ್ತು ನಿಮಿಷದ ಕೆಲಸ. ಓದದವನ ಮುಂದೆ ಈ ಸ್ಥಿತಿ ವರ್ಷಕ್ಕೆ ಒಂದೋ ಎರಡೋ ಸಲ ಬರಬಹುದು. ಬಂದಾಗ ಅದು ಗೆಲ್ಲುವ ಸ್ಥಿತಿ ಎಂದೇ ಅವನಿಗೆ ಗೊತ್ತಿರುವುದಿಲ್ಲ. ಅಡಗಿರುವುದೇ ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ?

ಆರಂಭದ ನಡೆಗಳ ವಿಷಯ ಹಾಗಲ್ಲ. ಹದಿನೈದು ನಡೆಗಳ ಪಾಠವನ್ನು ಬಾಯಿಪಾಠ ಮಾಡಿಕೊಂಡು ಬರುವ ಮಕ್ಕಳನ್ನು ನೋಡಿದಾಗ ನನಗೆ ಕನಿಕರವಾಗುತ್ತದೆ. ಎದುರಾಳಿ ಮೂರನೇ ನಡೆಗೇ ದಾರಿ ತಪ್ಪಿಸಿದರೆ ಅದೆಲ್ಲ ಹೊಳೆಗೆ ಹೋಯಿತು. ನಮ್ಮಂಥವರ ಮಟ್ಟದಲ್ಲಿ ಆಟದ ಗತಿ ಬದಲಾಗುವುದು ಕಾವಲಿಲ್ಲದೆ ಬಿಟ್ಟ ಕಾಯಿಯಿಂದ, ಕಾಣದೆ ಹೋದ ಫೋರ್ಕ್‌ನಿಂದ. ಅದಕ್ಕೆ ಮದ್ದು ದಿನಕ್ಕೆ ಹತ್ತಾರು ಸಣ್ಣ ಒಗಟುಗಳನ್ನು ಬಿಡಿಸುವುದು. ಮೊಬೈಲ್‌ನಲ್ಲಿ ಲಿಚೆಸ್‌ನಂಥ ತಾಣಗಳು ಅವನ್ನು ಪುಕ್ಕಟೆಯಾಗಿ ಕೊಡುತ್ತವೆ. ಊಹಿಸಿದ ಕೂಡಲೇ ಸರಿಯೋ ತಪ್ಪೋ ಗೊತ್ತಾಗುತ್ತದೆ, ಥೇಟ್ ಬೋರರ್ ಹುಡುಕಿದ ಹಾಗೆ. ಇದನ್ನು ಕ್ರಮಬದ್ಧ ಅಧ್ಯಯನ ಎನ್ನಬೇಕೆ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ.

ಮೂರು ನಿಮಿಷದ ಆಟಗಳನ್ನು ಸಾಲಾಗಿ ಆಡುವುದರಿಂದ ಮಾತ್ರ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನನ್ನ ಅನುಭವ. ಸೋತ ಸಿಟ್ಟಿನಲ್ಲಿ ಮುಂದಿನ ಆಟ ಶುರುವಾಗುತ್ತದೆ, ತಿರುಗಿ ನೋಡುವ ಪ್ರಶ್ನೆಯೇ ಇಲ್ಲ. ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ತಂತ್ರಾಂಶ, ಬಳಸುವುದರಲ್ಲೂ ಒಂದು ಎಚ್ಚರ ಬೇಕು. 1997ರಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಲು ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಬೇಕಾಗಿತ್ತು. ಇಂದು ಜೇಬಿನಲ್ಲಿರುವ ಫೋನ್ ಯಾವ ಮನುಷ್ಯನಿಗಿಂತಲೂ ಚೆನ್ನಾಗಿ ಆಡುತ್ತದೆ. ಆದರೆ ಅದು ‘ಈ ನಡೆ ತಪ್ಪು’ ಎಂದು ಹೇಳುತ್ತದೆ, ಏಕೆ ತಪ್ಪು ಎಂದು ಹೇಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ, 18ರ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆದ ಗುಕೇಶ್ ಅವರನ್ನು ಅವರ ಕೋಚ್ ವಿಷ್ಣು ಪ್ರಸನ್ನ ಬಹುಕಾಲ ಎಂಜಿನ್‌ನಿಂದ ದೂರ ಇಟ್ಟಿದ್ದರು. ತಪ್ಪನ್ನು ಹುಡುಗನೇ ಅಗೆದು ತೆಗೆಯಲಿ ಎಂದು.

ಅಕ್ಕನ ಮಗ ನೋಟ್‌ಬುಕ್ಕನ್ನು ನನ್ನ ಬಳಿಯೇ ಬಿಟ್ಟು ಹೋಗಿದ್ದ. ನಾನು ನಡೆಗಳನ್ನು ಬರೆಯತೊಡಗಿದೆ. ಸೋತ ಆಟವನ್ನು ರಾತ್ರಿ ಒಮ್ಮೆ ಒಬ್ಬನೇ ಆಡಿ ನೋಡಿ, ಎಲ್ಲಿ ಕೆಟ್ಟಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆಮೇಲೆ ಫೋನ್ ತೆರೆಯುತ್ತೇನೆ. ಅಣ್ಣನಿಗೆ ಇದು ಹಿಡಿಸಲಿಲ್ಲ. “ನೀನು ಬರೆಯಲು ಕೂತರೆ ಆಟ ಹೋಗಿ ಲೆಕ್ಕಪುಸ್ತಕ ಆಗುತ್ತದೆ” ಎಂದು ಗೊಣಗಿದರು. ಮೊದಲ ಕೆಲವು ವಾರ ನಾನು ಗೆಲ್ಲುತ್ತಲೇ ಹೋದೆ. ಸಿ7 ಮನೆಗೆ ಕಾವಲು ನಿಂತಿತ್ತು, ಅವರ ಕುದುರೆಗೆ ಕೆಲಸವಿರಲಿಲ್ಲ. ಫೋನಿನಲ್ಲಿ ಅಪರಿಚಿತರ ಎದುರು ನನ್ನ ಅಂಕ ನೂರೈವತ್ತರಷ್ಟು ಏರಿತು.

ಕಳೆದ ಕಕ್ಕಡದಲ್ಲಿ ನೋಡಿದರೆ ನಾವು ಮತ್ತೆ ಅರ್ಧಕ್ಕರ್ಧ. ನನ್ನ ಅಂಕ ಇಳಿದಿಲ್ಲ. ಹಾಗಾದರೆ ನೂರೈವತ್ತು ಅಂಕವನ್ನು ಅಣ್ಣನೂ ಏರಿರಲೇಬೇಕು, ಪುಸ್ತಕ ಮುಟ್ಟದೆ, ಒಗಟು ಬಿಡಿಸದೆ, ನೋಟ್‌ಬುಕ್ಕನ್ನು ಬೈಯುತ್ತಲೇ. ಹಳೆಯ ದಾರಿ ಮುಚ್ಚಿದ ಮೇಲೆ ಕುದುರೆಯನ್ನು ಅವರು ಹಾಸಿನ ನಡುವೆಯೇ ನಿಲ್ಲಿಸಿಕೊಂಡು ಕಾಯುತ್ತಾರೆ. ಒಂಟೆಗಳನ್ನು ಮೊದಲಿಗಿಂತ ಬೇಗ ಹೊರಗೆ ತರುತ್ತಾರೆ. ಅಡಿಕೆ ಈಗ ಮೂಲೆಯಲ್ಲಿ ಭದ್ರವಾಗಿದೆ. ಈಚೆಗೆ ಅವರ ಕಡೆಗೆ ಉರುಳುತ್ತಿರುವುದು ನನ್ನ ಮಂತ್ರಿ.